ಬಾಡಿಗೆ ಮನೆಯ ಸಾಮಾನು ಮತ್ತು ವಿಮೆ

ಅನ್ನ, ಬಟ್ಟೆ, ವಸತಿ ಈ ಮೂರೂ ಮನುಷ್ಯನ ಮೂಲಭೂತ ಆವಶ್ಯಕತೆಗಳೆಂದು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ನಾವು ಹೇಳುತ್ತೇವೆ. ಮೊದಲ ಎರಡನ್ನು ಕೊಂಡು ನಮ್ಮದಾಗಿ ಮಾಡಿಕೊಳ್ಳುತ್ತೇವೆ. ಮೂರನೆಯದನ್ನು ಮಾತ್ರ ನಮ್ಮಲ್ಲಿ ಅನೇಕರು ತಿಂಗಳ ಲೆಕ್ಕದಲ್ಲಿ ಇನ್ನೊಬ್ಬರಿಂದ ಪಡೆದು ಬಾಳುತ್ತೇವೆ. ಹೀಗೆ ಇನ್ನೊಬ್ಬರ ಗೋಡೆಗಳ ನಡುವೆ ನಮ್ಮ ಸಾಮಾನನ್ನು ಇಟ್ಟುಕೊಂಡು ಬಾಳುವವರಿಗೆ ಒಂದು ಪ್ರಶ್ನೆ ಏಳಬೇಕು. ಆ ಮನೆಗೆ ಬೆಂಕಿಯೋ ನೀರೋ ನುಗ್ಗಿದರೆ ನಷ್ಟ ಯಾರದು? ಈ ಪ್ರಶ್ನೆಯನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯಲ್ಲಿ ಬಾಡಿಗೆ ಮನೆ ಹೊಸದಲ್ಲ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರಚಿತವಾಯಿತು. ನಾಲೆಯ ನೀರು, ಕಾರ್ಖಾನೆ, ಕಚೇರಿ ಇವು ಮೂರೂ ಸೇರಿ ಹೊರಗಿನವರನ್ನು ಇಲ್ಲಿಗೆ ಕರೆತಂದವು. ಇಂದು ವಿದ್ಯಾನಗರ, ಸುಭಾಷ್‌ನಗರ, ಗುತ್ತಲು, ಕಲ್ಲಹಳ್ಳಿಗಳ ಬೀದಿಗಳಲ್ಲಿ ನಡೆದು ಬಂದರೆ ಉಪಾಧ್ಯಾಯರು, ಗುಮಾಸ್ತರು, ಆಸ್ಪತ್ರೆಯ ದಾದಿಯರು, ಕಾಲೇಜಿನ ವಿದ್ಯಾರ್ಥಿಗಳು ಬಾಡಿಗೆಗೆ ಇರುವ ಮನೆಗಳು ಸಾಲುಸಾಲಾಗಿ ಸಿಕ್ಕುತ್ತವೆ. ಮದ್ದೂರಿನಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳೂ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬರುವ ನೌಕರರೂ ಬಾಡಿಗೆ ಮನೆಗಳಲ್ಲಿದ್ದಾರೆ. ರೈಲಿಲ್ಲದ ಮಳವಳ್ಳಿಯಲ್ಲಿ ತಾಲ್ಲೂಕು ಕಚೇರಿ, ನ್ಯಾಯಾಲಯ, ಶಾಲೆಗಳ ನೌಕರರಲ್ಲದೆ, ಮಕ್ಕಳ ಓದಿಗಾಗಿಯೇ ಹಳ್ಳಿಯಿಂದ ಬಂದು ಒಂದು ಕೋಣೆ ಹಿಡಿದಿರುವ ತಾಯಂದಿರೂ ಉಂಟು. ನಾನು ಕೆಲಸದ ಮೇಲೆ ಈ ಮೂರು ಊರುಗಳಲ್ಲಿಯೂ ಬಾಡಿಗೆದಾರನಾಗಿ ಇದ್ದವನು. ಆದಕಾರಣ ಇಲ್ಲಿ ಹೇಳುವ ಮಾತು ಪುಸ್ತಕದಿಂದ ಬಂದುದಷ್ಟೇ ಅಲ್ಲ.

ಗೋಡೆ ಮಾಲೀಕರದು, ಸಾಮಾನು ನಮ್ಮದು

ಮೊದಲು ಕಾನೂನಿನ ಮಾತು. ಮನೆಯ ಬಾಡಿಗೆಗೆ ಆಧಾರವಾದ ಹಳೆಯ ಶಾಸನವೆಂದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 108ನೆಯ ಪ್ರಕರಣವು ಮಾಲೀಕ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳನ್ನು ವಿವರಿಸುತ್ತದೆ. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆಯ ಮುಖ್ಯ ಭಾಗವು ಪೂರ್ಣ ನಾಶವಾದರೆ ಅಥವಾ ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾದರೆ, ಬಾಡಿಗೆಯ ಕರಾರನ್ನು ಮುರಿದುಕೊಳ್ಳುವ ಆಯ್ಕೆ ಬಾಡಿಗೆದಾರನದು. ಆದರೆ ಆ ಹಾನಿಯು ಬಾಡಿಗೆದಾರನ ತಪ್ಪಿನಿಂದಲೇ ಆಗಿದ್ದರೆ ಈ ಆಯ್ಕೆ ಅವನಿಗಿಲ್ಲ. ಇಷ್ಟನ್ನು ಓದಿದವರಿಗೆ ಒಂದು ವಿಷಯ ಹೊಳೆಯದೆ ಇರದು. ಕಾನೂನು ಬಾಡಿಗೆದಾರನಿಗೆ ಮನೆ ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಸುಟ್ಟುಹೋದ ಅವನ ಬೀರುವನ್ನು ಮಾಲೀಕ ತುಂಬಿಕೊಡಬೇಕೆಂದು ಹೇಳುವುದಿಲ್ಲ. ಮಾಲೀಕನ ಅಲಕ್ಷ್ಯದಿಂದಲೇ ಅನಾಹುತವಾಯಿತೆಂದು ಸಿದ್ಧಪಡಿಸಿದರೆ ಪರಿಹಾರ ಕೇಳಬಹುದು. ಆದರೆ ಅದನ್ನು ಸಿದ್ಧಪಡಿಸುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ, ನ್ಯಾಯಾಲಯದ ದಾರಿ ಉದ್ದವಾದುದು.

"ಮನೆ ಮಾಲೀಕರು ವಿಮೆ ಮಾಡಿಸಿದ್ದಾರಲ್ಲ" ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಬ್ಯಾಂಕಿನ ಸಾಲದಿಂದ ಕಟ್ಟಿದ ಮನೆಗಳಿಗೆ ಸಾಮಾನ್ಯವಾಗಿ ವಿಮೆ ಇರುತ್ತದೆ, ನಿಜ. ಆದರೆ ಅದು ಕಟ್ಟಡದ ವಿಮೆ. ಅದರ ಹಣ ಮಾಲೀಕರಿಗೆ ಅಥವಾ ಬ್ಯಾಂಕಿಗೆ ಸಲ್ಲತಕ್ಕದ್ದು. ಯಾವ ವಸ್ತು ಹಾಳಾದರೆ ತನಗೆ ನಷ್ಟವೋ ಅದಕ್ಕೆ ಮಾತ್ರ ಒಬ್ಬನು ವಿಮೆ ಮಾಡಿಸಬಲ್ಲನೆಂಬುದು ವಿಮಾಶಾಸ್ತ್ರದ ಮೊದಲ ಸೂತ್ರ. ಗೋಡೆ, ಚಾವಣಿ ಹೋದರೆ ಮಾಲೀಕರಿಗೆ ನಷ್ಟ; ಮಂಚ, ಪಾತ್ರೆ, ಪುಸ್ತಕ ಹೋದರೆ ನಮಗೆ ನಷ್ಟ. ಒಬ್ಬರ ಕೊಡೆ ಇನ್ನೊಬ್ಬರ ತಲೆಗೆ ನೆರಳಾಗದು.

ಮದ್ದೂರಿನಲ್ಲಿ ನನಗೆ ಪರಿಚಿತರಾದ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ಹೇಳಬೇಕು. ಕೆಳಗೆ ಅಂಗಡಿ, ಮೇಲೆ ಬಾಡಿಗೆಯ ಎರಡು ಕೋಣೆ. ತಾಯಿ ಹೊಲಿಗೆ ಕೆಲಸದವರು, ಮಗಳು ಬಿ.ಎ. ಓದುತ್ತಿದ್ದಳು. ಒಂದು ರಾತ್ರಿ ಅಂಗಡಿಯ ವಿದ್ಯುತ್ ತಂತಿಯಲ್ಲಿ ಹುಟ್ಟಿದ ಕಿಡಿ ಮೇಲಕ್ಕೆ ಹರಿಯಿತು. ದೇವರ ದಯೆ, ಜೀವಹಾನಿಯಾಗಲಿಲ್ಲ. ಕಟ್ಟಡಕ್ಕೆ ವಿಮೆಯಿತ್ತು; ಕೆಲವು ತಿಂಗಳಲ್ಲಿ ಮಾಲೀಕರು ಗೋಡೆಗೆ ಹೊಸ ಗಾರೆ ಬಳಿಸಿ, ಹೊಸ ಬಾಗಿಲು ಇಡಿಸಿದರು. ಅವರು ಕೆಟ್ಟವರಲ್ಲ, ಮುಂಗಡದ ಹಣವನ್ನೂ ಪೂರ್ತಿ ಹಿಂದಿರುಗಿಸಿದರು. ಆದರೆ ಆ ತಾಯಿಯ ಎರಡು ಹೊಲಿಗೆ ಯಂತ್ರ, ಮಗಳ ಮದುವೆಗೆಂದು ವರ್ಷವರ್ಷವೂ ಒಂದೊಂದಾಗಿ ಕೊಂಡಿಟ್ಟ ಪಾತ್ರೆ, ಸೀರೆ, ಇವುಗಳಿಗೆ ಯಾರೂ ಬಾಧ್ಯರಾಗಲಿಲ್ಲ. ಹುಡುಗಿ ಒಂದು ವರ್ಷ ಓದು ನಿಲ್ಲಿಸಿ ಕೆಲಸಕ್ಕೆ ಹೋದಳು. ನಷ್ಟವನ್ನು ಎಲ್ಲರೂ ರೂಪಾಯಿಗಳಲ್ಲಿ ಎಣಿಸುತ್ತಾರೆ. ಅದು ಕೆಲವೊಮ್ಮೆ ಆಯುಷ್ಯದ ವರ್ಷಗಳಲ್ಲಿ ಸಂದಾಯವಾಗುತ್ತದೆ.

ಮುಯ್ಯಿಯೇ ವಿಮೆಯ ಬೀಜ

ವಿಮೆಯೆಂದರೆ ಪಟ್ಟಣದವರ, ಪರದೇಶದವರ ಕಲ್ಪನೆಯೆಂದು ನಮ್ಮ ಹಳ್ಳಿಗಳಲ್ಲಿ ಭಾವಿಸುವುದುಂಟು. ಆದರೆ ಅದರ ತಿರುಳು ನಮಗೆ ಅಪರಿಚಿತವಲ್ಲ. ನಾಟಿಯ ಕಾಲದಲ್ಲಿ ಮುಯ್ಯಾಳು ಹೋಗುವುದನ್ನು ಎಲ್ಲರೂ ಬಲ್ಲರು. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಮದುವೆಯಲ್ಲಿ ಮುಯ್ಯಿ ಬರೆಸುವುದೂ ಇದೇ ತತ್ತ್ವ. ಹುಲ್ಲಿನ ಮನೆಗೆ ಬೆಂಕಿ ಬಿದ್ದಾಗ ಒಬ್ಬರು ಗಳ, ಒಬ್ಬರು ಹುಲ್ಲು, ಒಬ್ಬರು ರಾಗಿ ಕೊಟ್ಟು ಸುಟ್ಟವನ ಮನೆಯನ್ನು ಮತ್ತೆ ನಿಲ್ಲಿಸುತ್ತಿದ್ದರು. ಎಲ್ಲರೂ ಸ್ವಲ್ಪಸ್ವಲ್ಪ ಹೊತ್ತರೆ ಒಬ್ಬನ ಬೆನ್ನು ಮುರಿಯುವ ಭಾರವೂ ಹಗುರವಾಗುತ್ತದೆ.

ಆದರೆ ಮುಯ್ಯಿ ನಡೆಯುವುದು ಪರಸ್ಪರ ಬಲ್ಲವರ ನಡುವೆ. ಬಾಡಿಗೆ ಬೀದಿಯಲ್ಲಿ ಈ ವರ್ಷ ಇದ್ದವರು ಮುಂದಿನ ವರ್ಷ ಇರುವುದಿಲ್ಲ. ಮೇಲುಮನೆಯವರ ಹೆಸರೇ ಕೆಳಮನೆಯವರಿಗೆ ತಿಳಿಯದು. ಇಂತಹ ಅಪರಿಚಿತರ ನಡುವೆ ಮುಯ್ಯಿಯನ್ನು ಲೆಕ್ಕಕ್ಕೂ ಕಾನೂನಿಗೂ ಒಳಪಡಿಸಿದ ವ್ಯವಸ್ಥೆಯೇ ವಿಮೆ. ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಂದು ಸಾವಿರ ಕುಟುಂಬಗಳಿವೆ. ಪ್ರತಿಯೊಂದರ ಸಾಮಾನಿನ ಬೆಲೆ 4 ಲಕ್ಷ ರೂಪಾಯಿ. ವರ್ಷಕ್ಕೆ ಸಾವಿರದಲ್ಲಿ ಒಂದು ಮನೆಯ ಸಾಮಾನು ಪೂರ್ತಿ ನಾಶವಾಗುವುದಾದರೆ, ಪ್ರತಿ ಕುಟುಂಬವೂ 400 ರೂಪಾಯಿ ಹಾಕಿದಲ್ಲಿ ಆ ಒಂದು ಮನೆ ಪುನಃ ಎದ್ದು ನಿಲ್ಲುತ್ತದೆ. ಕಂಪನಿಯ ಖರ್ಚು, ಲಾಭ, ತೆರಿಗೆ ಸೇರಿ ನಿಜವಾದ ಕಂತು ಬೇರೆಯಾಗುತ್ತದೆ. ತತ್ತ್ವ ಮಾತ್ರ ಇದೇ.

ನಮ್ಮ ದೇಶದಲ್ಲಿ ಸಾಮಾನ್ಯ ವಿಮೆಯ ಇತಿಹಾಸವನ್ನು 1850ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಟ್ರೈಟನ್ ಕಂಪನಿಯಿಂದ ಎಣಿಸುತ್ತಾರೆ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯ ಯೋಜನೆಯನ್ನು ತಂದಿತು. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. 1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕೃತವಾಗಿ 107 ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಲ್ಲಿ ಅಡಕವಾದವು. 1999ರ ಕಾಯಿದೆಯಿಂದ ನಿಯಂತ್ರಣ ಪ್ರಾಧಿಕಾರಕ್ಕೆ ಶಾಸನದ ಬಲ ದೊರೆತು, ಖಾಸಗಿ ಕಂಪನಿಗಳೂ ಕ್ಷೇತ್ರಕ್ಕೆ ಬಂದವು. ಇಷ್ಟು ಹಳೆಯ ವ್ಯವಸ್ಥೆಯಾದರೂ ಜನರಿಗೆ ಪರಿಚಯವಾದುದು ಜೀವವಿಮೆ, ವಾಹನವಿಮೆ ಮಾತ್ರ. ಬೈಕಿಗೆ ವಿಮೆಯಿಲ್ಲದೆ ರಸ್ತೆಗಿಳಿಯಲು ಅಂಜುವ ಗೃಹಸ್ಥನು ಬೈಕಿಗಿಂತ ಹಲವು ಪಾಲು ಬೆಲೆಯ ಮನೆ ಸಾಮಾನನ್ನು ಬೀಗವೊಂದರ ಭರವಸೆಯ ಮೇಲೆ ಬಿಟ್ಟು ಹೋಗುತ್ತಾನೆ.

ಭಾರತ್ ಗೃಹ ರಕ್ಷಾ

ಹಿಂದೆ ಒಂದೊಂದು ಕಂಪನಿಯ ಕರಾರು ಒಂದೊಂದು ರೀತಿಯಾಗಿತ್ತು. 2021ರ ಏಪ್ರಿಲ್ 1ರಿಂದ ವಿಮಾ ಪ್ರಾಧಿಕಾರವು "ಭಾರತ್ ಗೃಹ ರಕ್ಷಾ" ಎಂಬ ಏಕರೂಪದ ವಿಮಾಪತ್ರವನ್ನು ಜಾರಿಗೆ ತಂದಿತು. ಇದರಲ್ಲಿ ಕಟ್ಟಡಕ್ಕೆ ಮಾತ್ರ, ಸಾಮಾನಿಗೆ ಮಾತ್ರ, ಅಥವಾ ಎರಡಕ್ಕೂ ವಿಮೆ ಮಾಡಿಸಬಹುದು. ಬಾಡಿಗೆದಾರನಿಗೆ ಬೇಕಾದುದು ಸಾಮಾನಿನ ವಿಮೆ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ತೊಟ್ಟಿ ಅಥವಾ ಕೊಳವೆ ಒಡೆದು ಆಗುವ ಹಾನಿ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಹಳೆಯ ವಸ್ತು ಸುಟ್ಟರೆ ಹಳೆಯ ಬೆಲೆಯಲ್ಲ, ಹೊಸದನ್ನು ಕೊಳ್ಳುವ ಬೆಲೆಯೇ ಲೆಕ್ಕಕ್ಕೆ ಬರುವುದು ಇದರ ವಿಶೇಷ.

ಇನ್ನೊಂದು ಉಪಕಾರವನ್ನೂ ಗಮನಿಸಬೇಕು. ಬೇರೆ ಅನೇಕ ವಿಮಾಪತ್ರಗಳಲ್ಲಿ, 4 ಲಕ್ಷದ ಸಾಮಾನಿಗೆ 2 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 1 ಲಕ್ಷ ನಷ್ಟವಾದರೆ, ಅರ್ಧ ವಿಮೆಗೆ ಅರ್ಧ ಪರಿಹಾರವೆಂದು 50,000 ರೂಪಾಯಿ ಮಾತ್ರ ಕೊಡುತ್ತಾರೆ. ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ವಿಮೆಯ ಮೊತ್ತದ ಮಿತಿಯೊಳಗೆ ಪೂರ್ಣ ನಷ್ಟ ದೊರೆಯುತ್ತದೆ.

ಯಾವುದು ಸೇರಿಲ್ಲವೆಂಬುದನ್ನು ಅರಿಯುವುದು ಇನ್ನೂ ಮುಖ್ಯ. ನಗದು ಹಣ ಇದರಲ್ಲಿ ಸೇರುವುದಿಲ್ಲ. ಒಡವೆಗೆ ಬೇರೆಯಾಗಿ ಹೇಳಿ, ಬೇರೆ ಕಂತು ಕಟ್ಟಬೇಕು. ಸವೆತ, ತುಕ್ಕು, ಬೇಕೆಂದು ಮಾಡಿದ ಹಾನಿ ಸೇರಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರಿಯ ಕಳ್ಳತನ ಇದರಲ್ಲಿಲ್ಲ. ಬೆಂಕಿ, ಪ್ರವಾಹ ಮುಂತಾದ ಅನಾಹುತದ ಕಾರಣದಿಂದ 7 ದಿನಗಳೊಳಗೆ ಆದ ಕಳವು ಮಾತ್ರ ಸೇರುತ್ತದೆ. ಮಾರಿಹಬ್ಬಕ್ಕೆ ಊರಿಗೆ ಹೋದಾಗ ಬೀಗ ಒಡೆಯುವ ಕಳ್ಳರ ಭಯವಿರುವವರು ಕನ್ನಗಳವಿನ ವಿಮೆಯನ್ನು ಪ್ರತ್ಯೇಕವಾಗಿ ಅಥವಾ ಗೃಹಸ್ಥರ ಸಂಯುಕ್ತ ವಿಮೆಯ ಮೂಲಕ ಪಡೆಯಬೇಕು. ಮನೆಯಲ್ಲಿಯೇ ಹೊಲಿಗೆ, ಹಪ್ಪಳ ಮುಂತಾದ ಉದ್ಯೋಗ ನಡೆಸುವವರು ಅದನ್ನು ಮುಚ್ಚಿಡದೆ ಹೇಳಬೇಕು. ಮನೆಯ ಚಾವಣಿ ತಾರಸಿಯೋ, ಹೆಂಚೋ, ಹುಲ್ಲೋ ಎಂಬುದನ್ನೂ ಸತ್ಯವಾಗಿ ಬರೆಸಬೇಕು. ವಿಮೆಯ ಒಪ್ಪಂದ ನಿಂತಿರುವುದು ಪರಮ ವಿಶ್ವಾಸದ ಮೇಲೆ. ಅಲ್ಲಿ ಮುಚ್ಚಿಟ್ಟ ಮಾತು ಪರಿಹಾರದ ದಿನ ಎದುರಾಳಿಯಾಗಿ ನಿಲ್ಲುತ್ತದೆ.

ಭೋಗ್ಯಕ್ಕೆ ಮನೆ ಹಿಡಿದವರಿಗೆ ಒಂದು ಎಚ್ಚರಿಕೆ. ಮಾಲೀಕರ ಕೈಯಲ್ಲಿರುವ ಭೋಗ್ಯದ ಹಣಕ್ಕಾಗಲಿ, ಮುಂಗಡಕ್ಕಾಗಲಿ ಸಾಮಾನಿನ ವಿಮೆ ರಕ್ಷಣೆಯಲ್ಲ. ಅದಕ್ಕೆ ರಕ್ಷಣೆ ಸರಿಯಾದ ಕರಾರುಪತ್ರ ಮತ್ತು ಅಗತ್ಯವಿದ್ದಲ್ಲಿ ನೋಂದಣಿ.

ಗ್ಯಾಸಿನ ವಿಳಾಸ

ನಮ್ಮ ಅಡುಗೆಮನೆಗಳಲ್ಲಿರುವ ಸಿಲಿಂಡರಿಗೆ ಈಗಾಗಲೇ ಒಂದು ವಿಮೆಯಿದೆಯೆಂಬುದು ಬಹುಮಂದಿಗೆ ತಿಳಿಯದು. ಸಾರ್ವಜನಿಕ ತೈಲ ಕಂಪನಿಗಳು ತಮ್ಮ ನೋಂದಾಯಿತ ಗ್ರಾಹಕರಿಗಾಗಿ ಅಪಘಾತದ ವಿಮೆಯನ್ನು ಇಟ್ಟಿವೆ; ಗ್ರಾಹಕರು ಅದಕ್ಕೆ ಬೇರೆ ಕಂತು ಕೊಡಬೇಕಾಗಿಲ್ಲ. ಅನಿಲದಿಂದ ಅಪಘಾತವಾಗಿ ಮರಣವಾದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಸ್ವತ್ತಿನ ಹಾನಿಗೆ ಒಂದು ಘಟನೆಗೆ 2 ಲಕ್ಷದವರೆಗೆ ಎಂದು ಅದರ ಮಿತಿ. ಆದರೆ ಸ್ವತ್ತಿನ ಹಾನಿಯ ಪರಿಹಾರ ಗ್ರಾಹಕರ ನೋಂದಾಯಿತ ವಿಳಾಸದ ಮನೆಗೆ ಮಾತ್ರ.

ಇಲ್ಲಿಯೇ ಬಾಡಿಗೆದಾರರು ಎಡವುವುದು. ಗ್ಯಾಸಿನ ಪುಸ್ತಕ ಮಳವಳ್ಳಿಯ ಹಳ್ಳಿಯ ತಂದೆಯವರ ಹೆಸರಿನಲ್ಲಿ. ಸಿಲಿಂಡರ್ ಉರಿಯುವುದು ಮಂಡ್ಯದ ಬಾಡಿಗೆ ಕೋಣೆಯಲ್ಲಿ. ಹೀಗಿದ್ದರೆ ಸ್ವತ್ತಿನ ಪರಿಹಾರ ಕೇಳಲು ಆಧಾರವೇ ತಪ್ಪಿಹೋಗುತ್ತದೆ. ಮನೆ ಬದಲಿಸಿದ ವಾರದಲ್ಲಿಯೇ ವಿತರಕರಲ್ಲಿಗೆ ಹೋಗಿ ವಿಳಾಸ ಬದಲಿಸಿಕೊಳ್ಳುವುದು ಬಿಡಿಗಾಸಿನ ಖರ್ಚಿಲ್ಲದ ಮೊದಲ ರಕ್ಷಣೆ. ಆದರೂ ಈ ವಿಮೆ ಅನಿಲದ ಅಪಘಾತಕ್ಕೆ ಮಾತ್ರ. ವಿದ್ಯುತ್ತಿನ ಕಿಡಿಗೂ, ಮಳೆಯ ನೀರಿಗೂ ಇದು ಉತ್ತರವಲ್ಲ.

ನೀರಿನ ಭಯ ನಮಗೆಲ್ಲಿ ಎಂದು ಕೇಳಬಹುದು. ಕಾವೇರಿ, ಶಿಂಷಾ ನದಿಗಳ ಜಿಲ್ಲೆಯಲ್ಲಿ ಹುಟ್ಟಿದವರು ಈ ಪ್ರಶ್ನೆ ಕೇಳಬಾರದು. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ನೆರೆಯ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಮುಳುಗಿ ಬಸ್ಸು ಕಾರುಗಳು ನೀರಿನಲ್ಲಿ ನಿಂತವು. ಕೆರೆಯಂಗಳವೂ ರಾಜಕಾಲುವೆಯ ದಡವೂ ಬಡಾವಣೆಗಳಾಗಿರುವ ಕಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ. ತಗ್ಗಿನ ನೆಲಮನೆಗಳು ಬಾಡಿಗೆಗೆ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಕೆಲವು ಆಕ್ಷೇಪಗಳು

"ನನ್ನ ಬಳಿ ಏನಿದೆ, ನಾಲ್ಕು ಪಾತ್ರೆ" ಎಂಬುದು ಮೊದಲ ಆಕ್ಷೇಪ. ಕಾಗದ ತೆಗೆದುಕೊಂಡು ಬರೆಯದೆ ಈ ಮಾತನ್ನು ಆಡಬಾರದು. ನಮ್ಮ ಮನೆಯ ಪಟ್ಟಿಯನ್ನೇ ಇಲ್ಲಿ ಕೊಡುತ್ತೇನೆ. ಮಂಚ, ಹಾಸಿಗೆ 35,000; ಎರಡು ಬೀರು 24,000; ಫ್ರಿಜ್ 25,000; ಬಟ್ಟೆ ಒಗೆಯುವ ಯಂತ್ರ 20,000; ಟಿ.ವಿ. 30,000, ಒಲೆ, ಮಿಕ್ಸಿ, ಪಾತ್ರೆಪಗಡ 45,000, ಮಗಳ ಲ್ಯಾಪ್‌ಟಾಪ್ 50,000, ಯು.ಪಿ.ಎಸ್. ಮತ್ತು ಬ್ಯಾಟರಿ 22,000, ಎಲ್ಲರ ಬಟ್ಟೆಬರೆ 90,000, ಪುಸ್ತಕ 40,000, ಮೇಜು ಕುರ್ಚಿ 25,000. ಒಟ್ಟು 4,06,000 ರೂಪಾಯಿ. ಇಪ್ಪತ್ತು ವರ್ಷಗಳಲ್ಲಿ ಕಂತಿನ ಮೇಲೆ, ಹಬ್ಬದ ರಿಯಾಯಿತಿಯಲ್ಲಿ, ಒಂದೊಂದಾಗಿ ಬಂದುದರಿಂದ ಇದು ದೊಡ್ಡದೆಂದು ಕಾಣುವುದಿಲ್ಲ. ಒಂದೇ ದಿನ ಎಲ್ಲವನ್ನೂ ಮತ್ತೆ ಕೊಳ್ಳಬೇಕಾಗಿ ಬಂದಾಗ ಮಾತ್ರ ಕಾಣುತ್ತದೆ.

"ಏನೂ ಆಗದಿದ್ದರೆ ಕಟ್ಟಿದ ಹಣ ದಂಡ" ಎಂಬುದು ಎರಡನೆಯದು. ಹಾಗಾದರೆ ಕಳ್ಳ ಬಾರದಿದ್ದ ವರ್ಷ ಬೀಗದ ಹಣವೂ ದಂಡವೇ? ನಮ್ಮ ಕಂತು ಯಾವುದೋ ಊರಿನ ಸುಟ್ಟ ಮನೆಗೆ ಸಂದಿತೆಂದು ತಿಳಿದರೆ ಅದು ಮುಯ್ಯಿಯೇ ಆಯಿತು.

"ಸರ್ಕಾರ ಪರಿಹಾರ ಕೊಡುತ್ತದೆ" ಎಂಬುದು ಮೂರನೆಯದು. ಸರ್ಕಾರದ ನೆರವು ತತ್ಕಾಲದ ಹಸಿವು ನೀಗಲು. ಕಳೆದುದನ್ನು ತುಂಬಲು ಅಲ್ಲ. 2022ರಿಂದ 2026ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರದ ನಿಯಮಗಳಲ್ಲಿ ಬಟ್ಟೆಗೆ ಕುಟುಂಬಕ್ಕೆ 2,500 ರೂಪಾಯಿ, ಪಾತ್ರೆ ಮುಂತಾದ ಗೃಹೋಪಯೋಗಿ ವಸ್ತುಗಳಿಗೆ 2,500 ರೂಪಾಯಿ ಎಂದಿತ್ತು. ಮನೆ ಬಿದ್ದುದಕ್ಕೆ ಕೊಡುವ ದೊಡ್ಡ ಮೊತ್ತ ಮನೆಯ ಒಡೆಯರಿಗೆ ಸೇರಿದುದು. ಮೇಲಿನ ಪಟ್ಟಿಯ ಪಕ್ಕದಲ್ಲಿ ಈ 5,000 ರೂಪಾಯಿಯನ್ನು ಇಟ್ಟು ನೋಡಿದರೆ ಸಾಕು.

"ಕಂಪನಿಗಳು ಹಣ ಕೊಡುವುದಿಲ್ಲ, ಅಲೆದಾಡಿಸುತ್ತವೆ" ಎಂಬುದು ನಾಲ್ಕನೆಯದು, ಎಲ್ಲಕ್ಕಿಂತ ಗಟ್ಟಿಯಾದುದು. ಇದರಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳಲಾರೆ. ಆದರೆ ಪುರಾವೆ ನಮ್ಮ ಕೈಯಲ್ಲಿದ್ದರೆ ಅಲೆದಾಟ ಕಡಿಮೆಯಾಗುತ್ತದೆ. ಸಾಮಾನಿನ ಪಟ್ಟಿ, ರಸೀತಿ, ಪ್ರತಿ ಕೋಣೆಯ ಚಿತ್ರ ಇವುಗಳ ಪ್ರತಿಯನ್ನು ಮನೆಯ ಹೊರಗೆ, ಊರಿನಲ್ಲಿಯೋ ಬಂಧುಗಳ ಫೋನಿನಲ್ಲಿಯೋ ಇಡಬೇಕು. ಅನಾಹುತವಾದೊಡನೆ ಅಗ್ನಿಶಾಮಕದಳಕ್ಕೆ, ಪೊಲೀಸರಿಗೆ, ವಿಮಾ ಕಂಪನಿಗೆ ತಿಳಿಸಿ ವರದಿಗಳನ್ನು ಪಡೆಯಬೇಕು. ಸಮೀಕ್ಷಕರು ಬಂದು ನೋಡುವವರೆಗೆ ಸುಟ್ಟ ಸಾಮಾನನ್ನು ಎಸೆಯಬಾರದು. ಗೃಹ ರಕ್ಷಾದಲ್ಲಿ 30 ದಿನಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಅನ್ಯಾಯವಾಯಿತೆಂದು ತೋರಿದರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇನ್ನು ನಮ್ಮ ಕೈಯಿಂದ ಮಾಲೀಕರಿಗೆ ಹಾನಿಯಾದರೆ? ನಮ್ಮ ಇಸ್ತ್ರಿಪೆಟ್ಟಿಗೆಯಿಂದ ಮನೆ ಸುಟ್ಟರೆ ಅದರ ಹೊಣೆ ನಮ್ಮ ಮೇಲೆ ಬರಬಹುದು. ಮಾಲೀಕರಿಗೆ ಪರಿಹಾರ ಕೊಟ್ಟ ವಿಮಾ ಕಂಪನಿಯು ಅವರ ಸ್ಥಾನದಲ್ಲಿ ನಿಂತು ತಪ್ಪಿತಸ್ಥನಿಂದ ವಸೂಲಿಗೆ ಬರುವ ಹಕ್ಕನ್ನು ಕಾನೂನು ಮಾನ್ಯಮಾಡುತ್ತದೆ. ಆದುದರಿಂದ ಸಂಯುಕ್ತ ವಿಮೆ ಕೊಳ್ಳುವಾಗ ಹೊಣೆಗಾರಿಕೆಯ ವಿಭಾಗವಿದೆಯೇ, ಅದು ಬಾಡಿಗೆದಾರನಿಗೂ ಅನ್ವಯಿಸುವುದೇ ಎಂದು ಕೇಳುವುದು ಜಾಣತನ.

ಯಾರಿಗೆ, ಎಷ್ಟು?

ಎಲ್ಲರೂ ಇಂದೇ ವಿಮೆ ಮಾಡಿಸಬೇಕೆಂಬುದು ನನ್ನ ವಾದವಲ್ಲ. ಒಂದು ಟ್ರಂಕು, ಒಂದು ಚಾಪೆಯೊಡನೆ ಕೋಣೆ ಹಿಡಿದಿರುವ ವಿದ್ಯಾರ್ಥಿಗೆ ಇದು ತುರ್ತಲ್ಲ. ಅವನು ಅಂಕಪಟ್ಟಿಗಳನ್ನು ಡಿಜಿಲಾಕರಿನಲ್ಲಿ ಇಟ್ಟು, ಮೂಲಪ್ರತಿಯನ್ನು ಊರಿನಲ್ಲಿ ಬಿಟ್ಟರೆ ದೊಡ್ಡ ರಕ್ಷಣೆಯಾಯಿತು. ದುಡಿಯುವವರ ಆರೋಗ್ಯಕ್ಕೂ ಜೀವಕ್ಕೂ ವಿಮೆಯಿಲ್ಲದ ಕುಟುಂಬ ಮೊದಲು ಅದನ್ನು ನೋಡಿಕೊಳ್ಳಲಿ. ಅನಂತರದ ಸ್ಥಾನ ಸಾಮಾನಿನದು. ಒಂದು ಸರಳ ಪರೀಕ್ಷೆಯುಂಟು: ನಾಳೆ ಎಲ್ಲ ಹೋದರೆ ಸಾಲಮಾಡದೆ, ಮಕ್ಕಳ ಓದು ನಿಲ್ಲಿಸದೆ ಮತ್ತೆ ಸಂಸಾರ ಹೂಡಬಲ್ಲೆವೇ? ಬಲ್ಲೆವು ಎನ್ನುವವರಿಗೆ ವಿಮೆ ಅನಾವಶ್ಯಕ. ಇಲ್ಲ ಎನ್ನುವವರಿಗೆ ವರ್ಷದ ಕಂತು ಭಾರವಾಗದು. ಮೊತ್ತ, ಊರು, ಕಟ್ಟಡಗಳಿಗೆ ತಕ್ಕಂತೆ ಕಂತು ಬದಲಾಗುವುದರಿಂದ ಎರಡು ಮೂರು ಕಂಪನಿಗಳಲ್ಲಿ ವಿಚಾರಿಸಿ, ಕರಾರನ್ನು ಓದಿ, ಒಂದನ್ನು ಆರಿಸಬೇಕು. ಮನೆ ಬದಲಿಸಿದಾಗ ಹೊಸ ವಿಳಾಸವನ್ನು ತಿಳಿಸಲು ಮರೆಯಬಾರದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಮ್ಮ ಹಿರಿಯರು ವ್ಯರ್ಥವಾಗಿ ಹೇಳಲಿಲ್ಲ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಭಾನುವಾರ ನಿಮ್ಮ ತಾಯಿಯವರ ಪಕ್ಕದಲ್ಲಿ ಕುಳಿತು ಮನೆಯ ಸಾಮಾನಿನ ಪಟ್ಟಿಯನ್ನು ಬರೆಯಿರಿ. ಯಾವುದು ಯಾವ ವರ್ಷ, ಯಾವ ಕಷ್ಟದಲ್ಲಿ ಬಂತೆಂದು ಅವರೇ ಹೇಳುತ್ತಾರೆ. ಪಟ್ಟಿ ಮುಗಿಯುವ ಹೊತ್ತಿಗೆ, ಅದನ್ನು ಕಾಪಾಡುವುದು ಅಗತ್ಯವೋ ಅಲ್ಲವೋ ಎಂಬುದನ್ನು ನಿಮಗೆ ಬೇರೆ ಯಾರೂ ಹೇಳಬೇಕಾಗುವುದಿಲ್ಲ.